ಆ್ಯಪ್ ತಿನ್ನುವ ಜಾಗದ ಲೆಕ್ಕ: ಯಾರನ್ನು ಕೇಳಬೇಕು, ಹೇಗೆ ಕೇಳಬೇಕು?

ಜುಲೈ ತಿಂಗಳ ಜಡಿಮಳೆಯಲ್ಲಿ ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಫೋನ್ ಮಾಡಿದರು. ತೋಟದ ದಾಖಲೆ ಇಡಲೆಂದು ನಾನು ಬರೆದುಕೊಟ್ಟ ಆ್ಯಪ್ ಅವರ ಮೊಬೈಲಿನಲ್ಲಿದೆ. ಕೊಳೆರೋಗಕ್ಕೆ ಬೋರ್ಡೊ ದ್ರಾವಣ ಹೊಡೆದ ದಿನ, ಎಲೆಚುಕ್ಕೆ ಕಂಡ ಮರದ ಫೋಟೊ, ರಾಶಿ, ಬೆಟ್ಟೆಯ ದರ ಎಲ್ಲವೂ ಅದರಲ್ಲೇ. "ನಿಮ್ಮ ಆ್ಯಪ್‌ನ ಒಳಗೆ ನೋಡಿದರೆ 310 ಎಂಬಿ ಎನ್ನುತ್ತದೆ, ಮೊಬೈಲಿನ ಸೆಟ್ಟಿಂಗ್ಸ್‌ನಲ್ಲಿ ನೋಡಿದರೆ 640 ಎನ್ನುತ್ತದೆ. ಮನೆಯ ತಕ್ಕಡಿ ಒಂದು, ಮಂಡಿಯ ತಕ್ಕಡಿ ಇನ್ನೊಂದು ಆಯಿತಲ್ಲ ಮಾರಾಯರೇ. ನಂಬುವುದು ಯಾವುದನ್ನು?"

ಆಗ ನನ್ನ ಬಳಿ ಉತ್ತರವಿರಲಿಲ್ಲ. ಸಂಜೆ ಕರೆಂಟು ಬಂದ ಮೇಲೆ ಶಿವಮೊಗ್ಗದ ನನ್ನ ಕೋಣೆಯಲ್ಲಿ ಕೂತು ಕೋಡ್ ತೆರೆದೆ. ತಪ್ಪು ನನ್ನದೇ ಆಗಿತ್ತು. ಆ್ಯಪ್‌ನ ಒಂದೇ ಒಂದು ಫೋಲ್ಡರನ್ನು ಸುತ್ತಿ, ಅಲ್ಲಿದ್ದ ಫೈಲುಗಳ ಉದ್ದವನ್ನು ಕೂಡಿಸಿ, ಅದಕ್ಕೆ ‘ಒಟ್ಟು’ ಎಂದು ಹೆಸರಿಟ್ಟಿದ್ದೆ. ಆಂಡ್ರಾಯ್ಡ್ ಹಾಗೆ ಲೆಕ್ಕ ಹಾಕುವುದಿಲ್ಲ.

ಅವಸರದಲ್ಲಿರುವವರಿಗೆ ನನ್ನ ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಬಳಕೆದಾರರಿಗೆ ತೋರಿಸುವ ಸಂಖ್ಯೆಯನ್ನು ಆಪರೇಟಿಂಗ್ ಸಿಸ್ಟಮ್‌ನಿಂದಲೇ ಕೇಳಿ ಪಡೆಯಿರಿ. ಫೋಲ್ಡರ್ ಸುತ್ತುವ ಕೆಲಸವನ್ನು ಯಾವ ಮೂಲೆಯಲ್ಲಿ ಕಸ ಕೂತಿದೆ ಎಂದು ಹುಡುಕುವುದಕ್ಕೆ ಮಾತ್ರ ಇಟ್ಟುಕೊಳ್ಳಿ. ಬೇರೆಯವರ ಆ್ಯಪ್‌ಗಳ ಗಾತ್ರ ಕೇಳುವ ಗೋಜಿಗೆ, ಅದೇ ನಿಮ್ಮ ಕಸುಬಲ್ಲದಿದ್ದರೆ, ಹೋಗಬೇಡಿ. ಹೀಗೇಕೆ ಎಂಬುದು ಮುಂದಿದೆ.

ಯಾವುದು ಯಾವುದರೊಳಗೆ

ಆಂಡ್ರಾಯ್ಡ್ ಒಂದು ಆ್ಯಪ್‌ನ ಜಾಗವನ್ನು ಮೂರು ರಾಶಿಯಾಗಿ ನೋಡುತ್ತದೆ. ಮೊದಲನೆಯದು ಆ್ಯಪ್: ಎಪಿಕೆ ಫೈಲುಗಳು (ಆ್ಯಪ್ ಫೋನಿಗೆ ಬಂದು ಇಳಿಯುವ ಕಟ್ಟು), ಅವುಗಳಿಂದ ಫೋನು ತನಗೆ ಬೇಕಾದಂತೆ ಕಂಪೈಲ್ ಮಾಡಿಕೊಂಡ ರೂಪ, ಬಿಚ್ಚಿಟ್ಟ ನೇಟಿವ್ ಲೈಬ್ರರಿಗಳು. ಪ್ಲೇ ಸ್ಟೋರ್‌ನಲ್ಲಿ ಇಪ್ಪತ್ತು ಎಂಬಿ ಎಂದು ಕಂಡ ಆ್ಯಪ್ ಫೋನಿನಲ್ಲಿ ಅದಕ್ಕಿಂತ ದಪ್ಪಗೆ ಕಾಣುವುದು ಇದರಿಂದಲೇ. ಎರಡನೆಯದು ಡೇಟಾ: ಡೇಟಾಬೇಸ್, ಪ್ರಿಫರೆನ್ಸ್, ನೀವು ಬರೆದ ಫೈಲುಗಳು. ಮೂರನೆಯದು ಕ್ಯಾಶ್: ಮತ್ತೆ ಬೇಕಾದಾಗ ಬೇಗ ಸಿಗಲೆಂದು ಇಟ್ಟುಕೊಂಡ, ಅಳಿಸಿದರೂ ಮತ್ತೆ ತರಬಹುದಾದ ತಾತ್ಕಾಲಿಕ ಫೈಲುಗಳು.

ಇಲ್ಲಿ ಎಡವುವವರು ಬಹಳ. ಆಂಡ್ರಾಯ್ಡ್ ಕೊಡುವ ಡೇಟಾದ ಸಂಖ್ಯೆಯೊಳಗೆ ಕ್ಯಾಶ್ ಆಗಲೇ ಸೇರಿಕೊಂಡಿದೆ. ಮೂರನ್ನೂ ಕೂಡಿಸಿದರೆ ಕ್ಯಾಶ್ ಎರಡು ಸಲ ಲೆಕ್ಕಕ್ಕೆ ಬರುತ್ತದೆ. ಒಟ್ಟು ಬೇಕಾದರೆ ಆ್ಯಪ್ ಮತ್ತು ಡೇಟಾ ಎರಡನ್ನೇ ಕೂಡಿಸಬೇಕು. ಸೆಟ್ಟಿಂಗ್ಸ್ ಪುಟದಲ್ಲಿ ಬಳಕೆದಾರರ ಡೇಟಾ ಎಂದು ಕಾಣುವುದು ಮಾತ್ರ ಡೇಟಾದಿಂದ ಕ್ಯಾಶ್ ಕಳೆದು ಉಳಿದದ್ದು. ಗೋಣಿ ಸಮೇತ ತೂಗಿದ ಮೇಲೆ ಗೋಣಿಯ ತೂಕವನ್ನು ಮತ್ತೊಮ್ಮೆ ಸೇರಿಸಿ ಬಿಲ್ ಬರೆದರೆ ಯಾವ ಬೆಳೆಗಾರನೂ ಸುಮ್ಮನಿರುವುದಿಲ್ಲ. ಆ್ಯಪ್‌ಗಳಲ್ಲಿ ಹೀಗೆ ಮಾಡಿದರೆ ಯಾರಿಗೂ ಗೊತ್ತಾಗುವುದಿಲ್ಲ, ಅಷ್ಟೇ ವ್ಯತ್ಯಾಸ.

ಕ್ಯಾಶ್ ಎಂಬ ಪದದ ಬಗ್ಗೆಯೂ ಒಂದು ಮಾತು. ನನ್ನ ಆ್ಯಪ್‌ನ ಮೊದಲ ಆವೃತ್ತಿಯಲ್ಲಿ ‘ಕ್ಯಾಶ್ ಅಳಿಸಿ’ ಎಂಬ ಗುಂಡಿ ಇತ್ತು. ಅದೇ ಪರದೆಯ ಮೇಲ್ಭಾಗದಲ್ಲಿ ಅಡಿಕೆ ಮಾರಿದ ಹಣದ ಲೆಕ್ಕವೂ ಇತ್ತು. ಆ ಗುಂಡಿಯನ್ನು ಒತ್ತುವ ಧೈರ್ಯ ಯಾರಿಗೂ ಬರಲಿಲ್ಲ. ಈಗ ಅಲ್ಲಿ ‘ತಾತ್ಕಾಲಿಕ ಫೈಲುಗಳನ್ನು ಅಳಿಸಿ’ ಎಂದಿದೆ. ಕನ್ನಡದಲ್ಲಿ ಆ್ಯಪ್ ಮಾಡುವವರು ಇದನ್ನು ಗಮನಿಸಿದರೆ ಒಳ್ಳೆಯದು.

ಇನ್ನೊಂದು ತಪ್ಪನ್ನೂ ಒಪ್ಪಿಕೊಂಡುಬಿಡುತ್ತೇನೆ. ಕ್ಯಾಮೆರಾದಿಂದ ಬಂದ ಫೋಟೊಗಳನ್ನು ಸರ್ವರಿಗೆ ಕಳಿಸುವ ತನಕ ಕ್ಯಾಶ್ ಫೋಲ್ಡರಿನಲ್ಲಿ ಇಟ್ಟಿದ್ದೆ. ಹೇಗೂ ಕಳಿಸಿದ ಮೇಲೆ ಬೇಡವಲ್ಲ ಎಂಬ ಲೆಕ್ಕಾಚಾರ. ಆದರೆ ಆಗುಂಬೆ, ಹೊಸನಗರದ ಕಡೆ ಮನೆಯೊಳಗೆ ಸಿಗ್ನಲ್ ಸಿಗುವುದು ಕಷ್ಟ. ಗುಡ್ಡದ ನೆತ್ತಿಗೆ ಹೋದಾಗ ಸಿಕ್ಕರೆ ಸಿಕ್ಕಿತು. ಫೋಟೊ ಕಳಿಸಲು ವಾರಗಟ್ಟಲೆ ಕಾಯಬೇಕಾದ ಫೋನುಗಳಲ್ಲಿ ಜಾಗ ಕಡಿಮೆಯಾದಾಗ ಆಂಡ್ರಾಯ್ಡ್ ತನ್ನ ಹಕ್ಕಿನಂತೆ ಕ್ಯಾಶ್ ಗುಡಿಸಿತು. ಒಬ್ಬರ ಇಡೀ ಮಳೆಗಾಲದ ರೋಗದ ಫೋಟೊಗಳು ಹೋದವು. ಗಾತ್ರ ಅಳೆಯುವ ಮೊದಲು ಯಾವುದನ್ನು ಎಲ್ಲಿ ಇಟ್ಟಿದ್ದೀರಿ ಎಂದು ನೋಡಿ. ಕಳೆದುಹೋದರೆ ಮತ್ತೆ ಸಿಗದ ವಸ್ತು ಕ್ಯಾಶ್‌ನಲ್ಲಿ ಇರಬಾರದು. ಅಳೆಯುವ ವಿಧಾನ ಎಷ್ಟೇ ಕರಾರುವಾಕ್ಕಾಗಿದ್ದರೂ ಈ ತಪ್ಪನ್ನು ಹಿಡಿದುಕೊಡುವುದಿಲ್ಲ.

ಸಿಸ್ಟಮ್ ಅನ್ನೇ ಕೇಳುವ ದಾರಿ

2017ರ ಆಗಸ್ಟ್‌ನಲ್ಲಿ ಬಂದ ಆಂಡ್ರಾಯ್ಡ್ 8, ಅಂದರೆ ಎಪಿಐ 26 (ಎಪಿಐ ಎಂದರೆ ಆ್ಯಪ್ ಸಿಸ್ಟಮ್ ಅನ್ನು ಕೇಳುವ ಬಾಗಿಲು, 26 ಅದರ ಆವೃತ್ತಿ), ಸ್ಟೋರೇಜ್‌ಸ್ಟ್ಯಾಟ್ಸ್‌ಮ್ಯಾನೇಜರ್ ಎಂಬ ಕ್ಲಾಸನ್ನು ತಂದಿತು. ಅದರ ಕ್ವೆರಿಸ್ಟ್ಯಾಟ್ಸ್‌ಫಾರ್‌ಪ್ಯಾಕೇಜ್ ಎಂಬ ಮೆಥಡ್‌ಗೆ ಮೂರು ವಿಷಯ ಹೇಳಬೇಕು: ಯಾವ ಸ್ಟೋರೇಜ್ ಎಂಬುದರ ಯುಯುಐಡಿ (ಗುರುತಿನ ಸಂಖ್ಯೆ), ಪ್ಯಾಕೇಜ್ ಹೆಸರು, ಯಾವ ಬಳಕೆದಾರ ಎಂಬುದರ ಹ್ಯಾಂಡಲ್. ಯುಯುಐಡಿಯನ್ನು ಅಪ್ಲಿಕೇಶನ್‌ಇನ್ಫೊದ ಸ್ಟೋರೇಜ್‌ಯುಯುಐಡಿ ಎಂಬ ಜಾಗದಿಂದ ಎತ್ತಿಕೊಳ್ಳುವುದು ಕ್ಷೇಮ. ಉತ್ತರವಾಗಿ ಬರುವ ಸ್ಟೋರೇಜ್‌ಸ್ಟ್ಯಾಟ್ಸ್‌ನಲ್ಲಿ ಆ್ಯಪ್‌ಬೈಟ್ಸ್, ಡೇಟಾಬೈಟ್ಸ್, ಕ್ಯಾಶ್‌ಬೈಟ್ಸ್ ಮೂರೂ ಇರುತ್ತವೆ. ಆಂಡ್ರಾಯ್ಡ್ 12ರಿಂದ ಹೊರಗಿನ ಸ್ಟೋರೇಜ್‌ನ ಕ್ಯಾಶ್ ಎಷ್ಟು ಎಂದು ಪ್ರತ್ಯೇಕವಾಗಿಯೂ ಕೇಳಬಹುದು.

ನಿಮ್ಮದೇ ಪ್ಯಾಕೇಜ್ ಬಗ್ಗೆ ಕೇಳುವುದಾದರೆ ಯಾವ ಅನುಮತಿಯೂ ಬೇಡ. ಇದು ಎಷ್ಟೋ ಜನರಿಗೆ ಗೊತ್ತಿಲ್ಲ. ಸ್ವಂತ ಆ್ಯಪ್‌ನ ಗಾತ್ರ ತೋರಿಸಲು ಬಳಕೆದಾರರನ್ನು ‘ಯೂಸೇಜ್ ಆ್ಯಕ್ಸೆಸ್’ ಪುಟಕ್ಕೆ ಕಳಿಸುವ ಆ್ಯಪ್‌ಗಳನ್ನು ನೋಡಿದ್ದೇನೆ. ನಮ್ಮ ಮನೆಯ ಪಹಣಿ ನೋಡಲು ಪಕ್ಕದ ಮನೆಯವರ ಒಪ್ಪಿಗೆ ಕೇಳಿದ ಹಾಗೆ.

ಈ ದಾರಿಯ ದೊಡ್ಡ ಗುಣವೆಂದರೆ ಸೆಟ್ಟಿಂಗ್ಸ್ ಪುಟವೂ ಇದೇ ಬಾವಿಯಿಂದ ನೀರು ಸೇದುತ್ತದೆ. ಎರಡು ತಕ್ಕಡಿಯ ಜಗಳವೇ ಹುಟ್ಟುವುದಿಲ್ಲ. ವೇಗವೂ ಇದೆ. ಕೋಟಾ ಸೌಲಭ್ಯವಿರುವ ಫೋನುಗಳಲ್ಲಿ ಯಾವ ಆ್ಯಪ್ ಎಷ್ಟು ಬ್ಲಾಕ್ ಹಿಡಿದಿದೆ ಎಂಬ ಲೆಕ್ಕವನ್ನು ಫೈಲ್ ಸಿಸ್ಟಮ್ ತಾನೇ ಬರೆದಿಟ್ಟುಕೊಂಡಿರುತ್ತದೆ. ಕೇಳಿದಾಗ ಪ್ರತಿ ಫೈಲನ್ನೂ ಮುಟ್ಟಿ ನೋಡಬೇಕಾಗಿಲ್ಲ, ಪುಸ್ತಕ ತೆರೆದು ಓದಿದರೆ ಸಾಕು. ಆ ಸೌಲಭ್ಯವಿಲ್ಲದ ಫೋನಿನಲ್ಲಿ ಸಿಸ್ಟಮ್ ತಾನೇ ಫೋಲ್ಡರ್‌ಗಳನ್ನು ಸುತ್ತುತ್ತದೆ, ಆಗ ಹಲವು ಸೆಕೆಂಡು ಹಿಡಿಯಬಹುದು. ಹಾಗಾಗಿ ಇದನ್ನು ಪರದೆಯನ್ನು ನಡೆಸುವ ಮುಖ್ಯ ಥ್ರೆಡ್‌ನಲ್ಲಿ ಕರೆಯಬಾರದು. ಕೊರುಟೀನ್ (ಕಾಟ್ಲಿನ್ ಭಾಷೆಯಲ್ಲಿ ಹಿನ್ನೆಲೆ ಕೆಲಸ ಮಾಡಿಸುವ ಸೌಲಭ್ಯ) ಬಳಸುವವರು ಐಒ ಡಿಸ್‌ಪ್ಯಾಚರ್‌ಗೆ ಒಪ್ಪಿಸಿ ಮುಂದೆ ಹೋಗಿ.

ಕೊರತೆ ಎರಡಿವೆ. ಉತ್ತರ ಬರೀ ಮೊತ್ತ. ಅದರಲ್ಲಿ ಫೋಟೊ ಎಷ್ಟು, ನಕ್ಷೆ ಎಷ್ಟು, ಆ್ಯಪ್ ಒಳಗೆ ವೆಬ್ ಪುಟ ತೋರಿಸುವ ವೆಬ್‌ವ್ಯೂ ಕೂಡಿಟ್ಟದ್ದು ಎಷ್ಟು ಎಂಬ ವಿವರವಿಲ್ಲ. ಇನ್ನೊಂದು ಮೆಮೊರಿ ಕಾರ್ಡಿನದು. ಹಳ್ಳಿಯ ಕಡೆ ಈಗಲೂ ಎಸ್‌ಡಿ ಕಾರ್ಡ್ ಹಾಕಿಕೊಂಡ ಫೋನುಗಳು ಸಾಕಷ್ಟು ಕಾಣುತ್ತವೆ. ತೆಗೆದು ಹಾಕುವಂಥ ಕಾರ್ಡಿಗೆ ಸರಿಯಾದ ಯುಯುಐಡಿ ಇರುವುದಿಲ್ಲ. ಗೆಟ್‌ಯುಯುಐಡಿಫಾರ್‌ಪಾತ್ ಕರೆದರೆ ಐಒಎಕ್ಸೆಪ್ಶನ್ ಎಂಬ ದೋಷ ಎಸೆಯುತ್ತದೆ. ಕಾರ್ಡಿನ ಮೇಲೆ ನಿಮ್ಮ ಆ್ಯಪ್ ಬರೆದದ್ದನ್ನು ನೀವೇ ಸುತ್ತಿ ಎಣಿಸಬೇಕು.

ಕ್ಯಾಶ್‌ನ ಗಾತ್ರವೊಂದೇ ಸಾಕು ಎನ್ನುವವರಿಗೆ ಇದರ ತಮ್ಮನೊಬ್ಬನಿದ್ದಾನೆ: ಸ್ಟೋರೇಜ್‌ಮ್ಯಾನೇಜರ್‌ನ ಗೆಟ್‌ಕ್ಯಾಶ್‌ಸೈಜ್‌ಬೈಟ್ಸ್. ಅದರ ಪಕ್ಕದಲ್ಲೇ ಇರುವ ಗೆಟ್‌ಕ್ಯಾಶ್‌ಕೋಟಾಬೈಟ್ಸ್ ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ಅತ್ಯಂತ ಉಪಯುಕ್ತವಾದ, ಅತ್ಯಂತ ಕಡಿಮೆ ಜನ ಬಳಸುವ ಸಂಖ್ಯೆ. ನಿಮ್ಮ ಆ್ಯಪ್‌ಗೆ ಇಷ್ಟು ಕ್ಯಾಶ್ ಸಲ್ಲುತ್ತದೆ ಎಂದು ಸಿಸ್ಟಮ್ ಇಟ್ಟುಕೊಂಡ ಮಿತಿ ಅದು. ಬಳಕೆದಾರರು ಆ್ಯಪ್ ಅನ್ನು ಎಷ್ಟು ಬಳಸುತ್ತಾರೆ ಎಂಬುದರ ಮೇಲೆ ಈ ಮಿತಿ ಕಾಲಕಾಲಕ್ಕೆ ಬದಲಾಗುತ್ತದೆ. ಜಾಗದ ಬರ ಬಂದಾಗ ಮಿತಿ ಮೀರಿದವರ ಕ್ಯಾಶ್ ಮೊದಲು ಹೋಗುತ್ತದೆ, ಮಿತಿಯೊಳಗಿದ್ದವರದ್ದು ಕೊನೆಗೆ. ನನ್ನ ಆ್ಯಪ್ ದಿನಕ್ಕೊಮ್ಮೆ ಈ ಎರಡು ಸಂಖ್ಯೆಗಳನ್ನು ಹೋಲಿಸಿ, ಮೀರಿದ್ದರೆ ಹಳೆಯ ನಕ್ಷೆಯ ತುಣುಕುಗಳನ್ನು ತಾನೇ ತೆಗೆಯುತ್ತದೆ. ಸಿಸ್ಟಮ್ ಬಂದು ಗುಡಿಸುವ ಮೊದಲು ನಾವೇ ಗುಡಿಸಿಕೊಂಡರೆ ಏನು ಉಳಿಯಬೇಕು ಎಂಬ ಆಯ್ಕೆ ನಮ್ಮ ಕೈಯಲ್ಲಿರುತ್ತದೆ.

ಫೋಲ್ಡರ್ ಸುತ್ತುವ ದಾರಿ

ಎಲ್ಲರೂ ಮೊದಲು ಬರೆಯುವುದು ಇದನ್ನೇ. ಕಾಟ್ಲಿನ್‌ನಲ್ಲಿ ಒಂದೇ ಸಾಲು: ವಾಕ್‌ಟಾಪ್‌ಡೌನ್, ಫೈಲುಗಳನ್ನು ಮಾತ್ರ ಸೋಸಿ, ಲೆಂಗ್ತ್ ಕೂಡಿಸಿ. ಹಳೆಯ ಆಂಡ್ರಾಯ್ಡ್‌ನಲ್ಲೂ ಓಡುತ್ತದೆ, ಅನುಮತಿ ಬೇಡ, ಯಾವ ಫೋಲ್ಡರ್ ಎಷ್ಟು ಎಂಬ ವಿವರವೂ ಸಿಗುತ್ತದೆ. ಇಷ್ಟು ಚೆನ್ನಾಗಿರುವುದರಿಂದಲೇ ನಾನು ಮೋಸ ಹೋದದ್ದು.

ಮೊದಲ ತೊಡಕು, ಫೈಲಿನ ಉದ್ದ ಬೇರೆ, ಅದು ಹಿಡಿಯುವ ಜಾಗ ಬೇರೆ. ಫೈಲ್ ಸಿಸ್ಟಮ್ ಜಾಗವನ್ನು ಬ್ಲಾಕ್ ಲೆಕ್ಕದಲ್ಲಿ ಹಂಚುತ್ತದೆ. ಫೋನುಗಳಲ್ಲಿ ಸಾಮಾನ್ಯವಾಗಿ 4096 ಬೈಟ್‌ಗೆ ಒಂದು ಬ್ಲಾಕ್. ಅಟ್ಟದಲ್ಲಿ ಚೀಲ ಜೋಡಿಸುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಚೀಲದ ತಳದಲ್ಲಿ ಹಿಡಿಯಷ್ಟೇ ಅಡಿಕೆ ಇದ್ದರೂ ಅದಕ್ಕೊಂದು ಚೀಲದ ಜಾಗ ಬಿಡಬೇಕು. ತಲಾ ಒಂದು ಕೆಬಿಯ ಸಾವಿರ ಫೈಲುಗಳಿದ್ದರೆ ಉದ್ದದ ಲೆಕ್ಕದಲ್ಲಿ ಒಂದು ಎಂಬಿ, ಬ್ಲಾಕ್ ಲೆಕ್ಕದಲ್ಲಿ ನಾಲ್ಕು. ಸಿಗ್ನಲ್ ಇಲ್ಲದ ಕಡೆಗೆಂದು ನಕ್ಷೆಯನ್ನು ಪುಟ್ಟ ಪುಟ್ಟ ಚೌಕಗಳಾಗಿ ಇಳಿಸಿಕೊಳ್ಳುವ ನನ್ನಂಥ ಆ್ಯಪ್‌ಗೆ ಇದೇನು ಸಣ್ಣ ಅಂತರವಲ್ಲ. ಸರಿಯಾದ ಲೆಕ್ಕ ಬೇಕಾದರೆ ಓಎಸ್ ಕ್ಲಾಸಿನ ಸ್ಟ್ಯಾಟ್ ಕರೆದು, ಅದು ಕೊಡುವ ಬ್ಲಾಕ್‌ಗಳ ಎಣಿಕೆಯನ್ನು 512ರಿಂದ ಗುಣಿಸಬೇಕು. ಫೈಲ್ ಸಿಸ್ಟಮ್‌ನ ಬ್ಲಾಕ್ 4096 ಆಗಿದ್ದರೂ ಈ ಎಣಿಕೆಯ ಮಾನ 512 ಬೈಟೇ. ಸೇರು, ಪಾವಿನ ಹಾಗೆ ಹಳೆಯ ಕಾಲದಿಂದ ಉಳಿದುಬಂದ ಅಳತೆ.

ಎರಡನೆಯ ತೊಡಕು, ಎಲ್ಲ ಕೋಣೆಗೂ ಹೋಗಲು ಮರೆಯುವುದು. ಕ್ಯಾಶ್ ಎಂದರೆ ಕ್ಯಾಶ್‌ಡಿರ್ ಒಂದೇ ಅಲ್ಲ. ಕೋಡ್‌ಕ್ಯಾಶ್‌ಡಿರ್ ಇದೆ, ಎಕ್ಸ್‌ಟರ್ನಲ್‌ಕ್ಯಾಶ್‌ಡಿರ್ ಇದೆ, ಕಾರ್ಡ್ ಹಾಕಿದ್ದರೆ ಅದರಲ್ಲೊಂದು ಇದೆ. ಡೇಟಾ ಎಂದರೆ ಫೈಲ್ಸ್‌ಡಿರ್ ಒಂದೇ ಅಲ್ಲ. ಡೇಟಾಬೇಸ್‌ಗಳು, ಪ್ರಿಫರೆನ್ಸ್‌ಗಳು, ನೋಬ್ಯಾಕಪ್ ಫೋಲ್ಡರ್, ವೆಬ್‌ವ್ಯೂ ತನಗಾಗಿ ಮಾಡಿಕೊಂಡ ಫೋಲ್ಡರ್ ಎಲ್ಲವೂ ಪಕ್ಕಪಕ್ಕದಲ್ಲೇ ಇವೆ. ನಾನು ಫೈಲ್ಸ್‌ಡಿರ್ ಮಾತ್ರ ನೋಡಿದ್ದೆ. ನಾಪತ್ತೆಯಾದ 330 ಎಂಬಿಯಲ್ಲಿ ಬಹುಪಾಲು ಸಿಕ್ಕಿದ್ದು ಉಳಿದ ಕೋಣೆಗಳಲ್ಲಿ. ಎಪಿಕೆಯ ಲೆಕ್ಕವಂತೂ ನಾನು ಹಿಡಿದೇ ಇರಲಿಲ್ಲ. ಬೇಕಿದ್ದರೆ ಸೋರ್ಸ್‌ಡಿರ್ ಜತೆ ಸ್ಪ್ಲಿಟ್‌ಸೋರ್ಸ್‌ಡಿರ್ಸ್ ಕೂಡ ನೋಡಬೇಕು, ಏಕೆಂದರೆ ಈಗ ಒಂದು ಆ್ಯಪ್ ಹಲವು ಎಪಿಕೆಗಳಾಗಿ ಬರುತ್ತದೆ.

ಸಣ್ಣಪುಟ್ಟ ಮುಳ್ಳುಗಳೂ ಇವೆ. ಸುತ್ತುತ್ತಿರುವಾಗಲೇ ಫೈಲು ಅಳಿದುಹೋಗಬಹುದು. ಜಾವಾದಲ್ಲಿ ಬರೆಯುವವರು ಲಿಸ್ಟ್‌ಫೈಲ್ಸ್ ನಲ್ ಕೊಡಬಹುದೆಂದು ನೆನಪಿಡಬೇಕು. ಸಿಂಬಾಲಿಕ್ ಲಿಂಕ್ ಇದ್ದರೆ ಒಂದೇ ವಸ್ತುವನ್ನು ಎರಡು ಸಲ ಎಣಿಸುತ್ತೀರಿ.

ಇಷ್ಟೆಲ್ಲ ಹೇಳಿದರೂ ಈ ದಾರಿಯನ್ನು ನಾನು ಬಿಟ್ಟಿಲ್ಲ. ಕಸ ಎಲ್ಲಿದೆ ಎಂದು ಹೇಳುವುದು ಇದೊಂದೇ. ಆದರೆ ಸುತ್ತುವ ಮೊದಲು ನೀವು ಬಳಸುವ ಲೈಬ್ರರಿಗಳನ್ನು (ಬೇರೆಯವರು ಬರೆದಿಟ್ಟ ಸಿದ್ಧ ಕೋಡನ್ನು) ಕೇಳಿ ನೋಡಿ, ಅವುಗಳಿಗೆ ತಮ್ಮ ಲೆಕ್ಕ ಗೊತ್ತಿರುತ್ತದೆ. ನೆಟ್‌ವರ್ಕ್ ಕೆಲಸ ಮಾಡುವ ಓಕೆಎಚ್‌ಟಿಟಿಪಿಯ ಕ್ಯಾಶ್‌ಗೆ ಸೈಜ್ ಎಂಬ ಮೆಥಡ್ ಇದೆ. ಚಿತ್ರ ತೋರಿಸುವ ಗ್ಲೈಡ್‌ಗೆ ನೀವು ಬೇರೆ ಹೇಳದಿದ್ದರೆ ಡಿಸ್ಕ್ ಕ್ಯಾಶ್ 250 ಎಂಬಿ ವರೆಗೆ ಬೆಳೆಯುತ್ತದೆ. ಅದನ್ನು 50ಕ್ಕೆ ಇಳಿಸಿದ ದಿನ ನನ್ನ ಕ್ಯಾಶ್ ಗೋಳು ಅರ್ಧ ಮುಗಿಯಿತು. ಅಳೆಯುವುದಕ್ಕಿಂತ ಮಿತಿ ಹಾಕುವುದು ಸುಲಭವಾದ ಕಡೆ ಅಳೆಯುವ ಕೋಡ್ ಬರೆಯುವುದೇಕೆ?

ಮುಚ್ಚಿಹೋದ ಕಳ್ಳದಾರಿ

ಹುಡುಕಿದರೆ ಇಂದಿಗೂ ಸಿಗುವ ಹಳೆಯ ಉತ್ತರವೊಂದಿದೆ: ಪ್ಯಾಕೇಜ್‌ಮ್ಯಾನೇಜರ್‌ನಲ್ಲಿ ಅಡಗಿರುವ ಗೆಟ್‌ಪ್ಯಾಕೇಜ್‌ಸೈಜ್‌ಇನ್ಫೊ ಎಂಬುದನ್ನು ರಿಫ್ಲೆಕ್ಷನ್ (ಹೆಸರು ಹಿಡಿದು ಅಡಗಿದ ಕೋಡನ್ನೂ ಕರೆಯುವ ಉಪಾಯ) ಮೂಲಕ ಕರೆಯುವುದು. ಆಂಡ್ರಾಯ್ಡ್ 7ರ ತನಕ ಇದು ಗೆಟ್‌ಪ್ಯಾಕೇಜ್‌ಸೈಜ್ ಎಂಬ ಸಾಮಾನ್ಯ ಅನುಮತಿಯೊಂದಿಗೆ ನಡೆಯುತ್ತಿತ್ತು, ಯಾವ ಆ್ಯಪ್‌ನ ಗಾತ್ರವನ್ನಾದರೂ ಹೇಳುತ್ತಿತ್ತು. ಆಂಡ್ರಾಯ್ಡ್ 8ನ್ನು ಗುರಿಯಾಗಿಟ್ಟುಕೊಂಡ ಆ್ಯಪ್ ಈಗ ಅದನ್ನು ಕರೆದರೆ ಅನ್‌ಸಪೋರ್ಟೆಡ್‌ಆಪರೇಶನ್‌ಎಕ್ಸೆಪ್ಶನ್ ಬೀಳುತ್ತದೆ. ಅದರ ಜತೆಗಿನ ಸಂದೇಶದಲ್ಲಿ ಗೂಗಲ್‌ನವರು, ಅಡಗಿಸಿಟ್ಟ ಎಪಿಐಯನ್ನು ಕರೆದದ್ದಕ್ಕೆ ನಾಚಿಕೆಯಾಗಬೇಕು ಎಂದು ಎರಡೆರಡು ಸಲ ಬೈದಿದ್ದಾರೆ. ಎಕ್ಸೆಪ್ಶನ್‌ನಲ್ಲಿ ಬೈಸಿಕೊಂಡದ್ದು ನನಗೆ ಅದೇ ಮೊದಲು. ಆಂಡ್ರಾಯ್ಡ್ 7 ಅಥವಾ ಅದಕ್ಕಿಂತ ಹಳೆಯ ಫೋನಿಗೆ ಮಾತ್ರ ಆ್ಯಪ್ ಬರೆಯುತ್ತಿದ್ದರೆ ಹೊರತು ಈ ದಾರಿಯನ್ನು ಮರೆತುಬಿಡಿ. ಹಳೆಯ ಫೋನುಗಳನ್ನೂ ಬೆಂಬಲಿಸಬೇಕಾದರೆ ಆವೃತ್ತಿ ನೋಡಿ, 26ಕ್ಕಿಂತ ಕೆಳಗೆ ಫೋಲ್ಡರ್ ಸುತ್ತಿ ಬಂದ ಸಂಖ್ಯೆಯನ್ನು ‘ಸುಮಾರು’ ಎಂಬ ಪದದೊಂದಿಗೆ ತೋರಿಸಿ.

ಬೇರೆಯವರ ಆ್ಯಪ್ ಗಾತ್ರ ಬೇಕಾದರೆ

ಫೋನ್ ಸ್ವಚ್ಛಗೊಳಿಸುವ ಆ್ಯಪ್, ಫೈಲ್ ಮ್ಯಾನೇಜರ್ ಮುಂತಾದವನ್ನು ಮಾಡುವವರಿಗೆ ಬೇರೆ ದಾರಿಯಿಲ್ಲ. ಪ್ಯಾಕೇಜ್‌ಯೂಸೇಜ್‌ಸ್ಟ್ಯಾಟ್ಸ್ ಅನುಮತಿಯನ್ನು ಆ್ಯಪ್ ತನ್ನ ವಿವರ ಘೋಷಿಸುವ ಕಡತವಾದ ಮ್ಯಾನಿಫೆಸ್ಟ್‌ನಲ್ಲಿ ಬರೆಯಬೇಕು. ಅಷ್ಟರಿಂದ ಸಿಗುವುದಿಲ್ಲ, ಕ್ಯಾಮೆರಾ ಅನುಮತಿಯ ಹಾಗೆ ಪುಟ್ಟ ಪೆಟ್ಟಿಗೆಯೂ ಮೂಡುವುದಿಲ್ಲ. ಬಳಕೆದಾರರನ್ನು ಸೆಟ್ಟಿಂಗ್ಸ್‌ನ ಒಳಪುಟಕ್ಕೆ ಕರೆದೊಯ್ದು, ಪಟ್ಟಿಯಲ್ಲಿ ನಿಮ್ಮ ಹೆಸರು ಹುಡುಕಿಸಿ, ಅವರ ಕೈಯಲ್ಲೇ ಸ್ವಿಚ್ ಹಾಕಿಸಬೇಕು. ಹಾಕಿದ್ದಾರೋ ಇಲ್ಲವೋ ಎಂದು ಆ್ಯಪ್‌ಆಪ್ಸ್‌ಮ್ಯಾನೇಜರ್ ಮೂಲಕ ನೋಡಿಕೊಳ್ಳಬೇಕು. ಆಂಡ್ರಾಯ್ಡ್ 11ರಿಂದ ಇನ್ನೊಂದು ಬೇಲಿ: ಫೋನಿನಲ್ಲಿ ಯಾವ ಆ್ಯಪ್‌ಗಳಿವೆ ಎಂಬ ಪಟ್ಟಿಯೇ ಪೂರ್ತಿ ಕಾಣುವುದಿಲ್ಲ. ಎಲ್ಲವನ್ನೂ ಕಾಣಲು ಕ್ವೆರಿಆಲ್‌ಪ್ಯಾಕೇಜಸ್ ಬೇಕು, ಅದನ್ನು ಬಳಸಲು ಪ್ಲೇ ಸ್ಟೋರ್‌ಗೆ ಒಪ್ಪುವಂಥ ಕಾರಣ ಕೊಡಬೇಕು.

ಇಷ್ಟು ದಾಟಿದರೂ ಗಾತ್ರ ನೋಡಬಹುದೇ ಹೊರತು ಇನ್ನೊಂದು ಆ್ಯಪ್‌ನ ಕ್ಯಾಶ್ ಅನ್ನು ಸದ್ದಿಲ್ಲದೆ ಅಳಿಸಲು ಬರುವುದಿಲ್ಲ. ಆ ಆ್ಯಪ್‌ನ ವಿವರದ ಪುಟ ತೆರೆದುಕೊಟ್ಟು ಬಳಕೆದಾರರಿಗೇ ಬಿಡಬೇಕು. ತೋಟದ ಲೆಕ್ಕದ ಆ್ಯಪ್‌ಗೋ ಸೊಸೈಟಿಯ ಸದಸ್ಯರ ಆ್ಯಪ್‌ಗೋ ಇದರ ಅಗತ್ಯ ನನಗೆ ಕಾಣುವುದಿಲ್ಲ. ಒಮ್ಮೆ ಗಿರಾಕಿಯೊಬ್ಬರು "ಫೋನು ತುಂಬಿದ್ದಕ್ಕೆ ಕಾರಣ ನಾವಲ್ಲ ಎಂದು ತೋರಿಸಿ" ಎಂದು ಕೇಳಿದ್ದರು. ಫೋನಿನ ಒಟ್ಟು ಜಾಗ, ಖಾಲಿ ಜಾಗ, ನಮ್ಮ ಪಾಲು ಎಂಬ ಮೂರು ಸಾಲು ತೋರಿಸಿದೆ. ಒಟ್ಟು ಮತ್ತು ಖಾಲಿ ತಿಳಿಯಲು ಸ್ಟ್ಯಾಟ್‌ಎಫ್‌ಎಸ್ ಸಾಕು, ಅನುಮತಿ ಬೇಡ. ಅಷ್ಟಕ್ಕೇ ಅವರಿಗೆ ಸಮಾಧಾನವಾಯಿತು.

ಐಫೋನ್ ಕಡೆ

ಇಲ್ಲಿ ಆಯ್ಕೆಯೇ ಕಡಿಮೆ, ಹಾಗಾಗಿ ಮಾತೂ ಕಡಿಮೆ. ಬೇರೆ ಆ್ಯಪ್‌ನ ಗಾತ್ರ ಕೇಳುವ ದಾರಿ ಐಒಎಸ್‌ನಲ್ಲಿ ಇಲ್ಲ. ಆಂಡ್ರಾಯ್ಡ್‌ನ ಸ್ಟೋರೇಜ್‌ಸ್ಟ್ಯಾಟ್ಸ್‌ನಂತೆ ಸ್ವಂತ ಮೊತ್ತವನ್ನು ಒಂದೇ ಮಾತಿಗೆ ಹೇಳುವ ಎಪಿಐಯೂ ಇಲ್ಲ. ಫೈಲ್‌ಮ್ಯಾನೇಜರ್‌ನ ಎನ್ಯೂಮರೇಟರ್ ಹಿಡಿದು ಡಾಕ್ಯುಮೆಂಟ್ಸ್, ಲೈಬ್ರರಿ, ಟಿಎಂಪಿ ಮೂರನ್ನೂ ಸುತ್ತಲೇಬೇಕು. ಸುತ್ತುವಾಗ ಫೈಲ್‌ಸೈಜ್ ಬದಲು ಟೋಟಲ್‌ಫೈಲ್‌ಅಲೊಕೇಟೆಡ್‌ಸೈಜ್ ಎಂಬ ಕೀ ಕೇಳಿ. ಚೀಲದ ಜಾಗ ಹೇಳುವುದು ಅದು. ನೆಟ್‌ವರ್ಕ್ ಕ್ಯಾಶ್ ಒಂದೇ ಬೇಕಾದರೆ ಯುಆರ್‌ಎಲ್‌ಕ್ಯಾಶ್‌ನ ಕರೆಂಟ್‌ಡಿಸ್ಕ್‌ಯೂಸೇಜ್ ಸಾಕು.

ಐಫೋನಿನ ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಆ್ಯಪ್‌ಗೂ ಕ್ಯಾಶ್ ಅಳಿಸುವ ಗುಂಡಿ ಇರುವುದಿಲ್ಲ. ಲೈಬ್ರರಿಯೊಳಗಿನ ಕ್ಯಾಶಸ್ ಫೋಲ್ಡರನ್ನು ಜಾಗ ಸಾಲದಾದಾಗ ಸಿಸ್ಟಮ್ ತಾನೇ ಗುಡಿಸುತ್ತದೆ. ಆದ್ದರಿಂದ ಆ್ಯಪ್‌ನ ಒಳಗೇ ಅಳಿಸುವ ಗುಂಡಿ ಕೊಡುವುದು ಆಂಡ್ರಾಯ್ಡ್‌ಗಿಂತ ಐಫೋನಿನಲ್ಲಿ ಹೆಚ್ಚು ಅಗತ್ಯ. 2024ರ ಮೇ 1ರಿಂದ ಇನ್ನೊಂದು ನಿಯಮ ಜಾರಿಯಲ್ಲಿದೆ: ಡಿಸ್ಕ್‌ನ ಖಾಲಿ ಜಾಗ ಕೇಳುವ, ಫೈಲಿನ ದಿನಾಂಕ ನೋಡುವ ಎಪಿಐಗಳನ್ನು ಬಳಸಿದರೆ ಪ್ರೈವೆಸಿ ಮ್ಯಾನಿಫೆಸ್ಟ್‌ನಲ್ಲಿ ಕಾರಣ ಬರೆಯಬೇಕು. ಬರೀ ಗಾತ್ರ ಕೂಡಿಸುವವರಿಗೆ ಇದು ತಾಗುವುದಿಲ್ಲ. ಹಳೆಯ ಫೈಲು ಯಾವುದೆಂದು ದಿನಾಂಕ ನೋಡಿ ಅಳಿಸುವವರಿಗೆ ತಾಗುತ್ತದೆ.

ಫ್ಲಟರ್, ರಿಯಾಕ್ಟ್ ನೇಟಿವ್‌ನಲ್ಲಿ ಬರೆಯುವವರಿಗೆ

ಇವೆರಡೂ ಒಂದೇ ಕೋಡಿನಿಂದ ಆಂಡ್ರಾಯ್ಡ್, ಐಫೋನ್ ಎರಡಕ್ಕೂ ಆ್ಯಪ್ ಕಟ್ಟುವ ಸಲಕರಣೆಗಳು. ನನ್ನ ಆ್ಯಪ್ ಫ್ಲಟರ್‌ನದು. ಪಾತ್‌ಪ್ರೊವೈಡರ್ ಪ್ಯಾಕೇಜಿನ ಟೆಂಪರರಿ ಡೈರೆಕ್ಟರಿ ಎಂದರೆ ಆಂಡ್ರಾಯ್ಡ್‌ನಲ್ಲಿ ಕ್ಯಾಶ್‌ಡಿರ್, ಐಒಎಸ್‌ನಲ್ಲಿ ಕ್ಯಾಶಸ್. ಆದರೆ ಅಪ್ಲಿಕೇಶನ್ ಡಾಕ್ಯುಮೆಂಟ್ಸ್ ಎಂದರೆ ಆಂಡ್ರಾಯ್ಡ್‌ನಲ್ಲಿ ಫೈಲ್ಸ್‌ಡಿರ್ ಅಲ್ಲ. ಅದರ ಪಕ್ಕದ ಆ್ಯಪ್‌ಫ್ಲಟರ್ ಎಂಬ ಬೇರೆಯೇ ಫೋಲ್ಡರ್. ನಾನು ಎಣಿಸದೆ ಬಿಟ್ಟ ಕೋಣೆಗಳಲ್ಲಿ ಅದೂ ಒಂದು. ಫ್ಲಟರ್‌ನ ಭಾಷೆಯಾದ ಡಾರ್ಟ್‌ನಲ್ಲಿ ಸುತ್ತುವುದಾದರೆ ಫಾಲೋಲಿಂಕ್ಸ್ ಅನ್ನು ಫಾಲ್ಸ್ ಮಾಡಿ, ಕೆಲಸವನ್ನು ಹಿನ್ನೆಲೆಯಲ್ಲಿ ಓಡುವ ಬೇರೆ ಐಸೊಲೇಟ್‌ಗೆ ಕೊಡಿ.

ಮೊತ್ತಕ್ಕೆ ನಾನು ಆರಿಸಿದ್ದು ಮೆಥಡ್ ಚಾನೆಲ್, ಅಂದರೆ ಡಾರ್ಟ್‌ನಿಂದ ಕಾಟ್ಲಿನ್ ಕೋಡನ್ನು ಕರೆಯುವ ಸೇತುವೆ. ಕಾಟ್ಲಿನ್ ಕಡೆ ಮೂವತ್ತು ನಲವತ್ತು ಸಾಲು ಬರೆದು ಸ್ಟೋರೇಜ್‌ಸ್ಟ್ಯಾಟ್ಸ್‌ನ ಮೂರು ಸಂಖ್ಯೆಗಳನ್ನು ಡಾರ್ಟ್‌ಗೆ ಕಳಿಸುತ್ತೇನೆ. ಒಂದು ಎಚ್ಚರಿಕೆ: ಚಾನೆಲ್‌ನ ಕರೆ ಆಂಡ್ರಾಯ್ಡ್‌ನ ಮುಖ್ಯ ಥ್ರೆಡ್‌ನಲ್ಲೇ ಬಂದು ಇಳಿಯುತ್ತದೆ. ಡಾರ್ಟ್‌ನಲ್ಲಿ ಅವೇಟ್ ಬರೆದಿದ್ದೇವೆ, ಇನ್ನೇನು ಭಯ ಎಂದುಕೊಂಡರೆ ಹಳೆಯ ಫೋನಿನಲ್ಲಿ ಪರದೆ ಕಲ್ಲಾಗುತ್ತದೆ. ಕಾಟ್ಲಿನ್ ಕಡೆಯೂ ಕೆಲಸವನ್ನು ಹಿನ್ನೆಲೆ ಥ್ರೆಡ್‌ಗೆ ದಾಟಿಸಬೇಕು.

ಚಿತ್ರಗಳಿಗೆ ಕ್ಯಾಶ್ಡ್‌ನೆಟ್‌ವರ್ಕ್‌ಇಮೇಜ್ ಬಳಸುವವರು ಅದರ ಹಿಂದಿರುವ ಕ್ಯಾಶ್ ಮ್ಯಾನೇಜರ್‌ನ ನಿಯಮ ನೋಡಿಕೊಳ್ಳಿ. ಅದರ ಮೂಲ ಮಿತಿ 200 ವಸ್ತುಗಳು, 30 ದಿನಗಳು. ಎಣಿಕೆಗೆ ಮಿತಿ ಇದೆ, ಗಾತ್ರಕ್ಕೆ ಇಲ್ಲ. ಸಣ್ಣ ಐಕಾನ್ ಇನ್ನೂರಿದ್ದರೆ ಸರಿ. ಕ್ಯಾಮೆರಾದ ಪೂರ್ಣ ಗಾತ್ರದ ಇನ್ನೂರು ಫೋಟೊ ಕೂತರೆ ಕ್ಯಾಶ್ ಎಲ್ಲಿಗೆ ಹೋಗುತ್ತದೆಂದು ನೀವೇ ಗುಣಿಸಿ.

ರಿಯಾಕ್ಟ್ ನೇಟಿವ್‌ನ ಕಥೆ ಬಹುತೇಕ ಇದೇ. ರಿಯಾಕ್ಟ್‌ನೇಟಿವ್‌ಎಫ್‌ಎಸ್‌ನಿಂದ ಜಾವಾಸ್ಕ್ರಿಪ್ಟ್‌ನಲ್ಲಿ ಫೋಲ್ಡರ್ ಸುತ್ತಬಹುದು, ಆದರೆ ಪ್ರತಿ ಫೋಲ್ಡರಿಗೂ ಒಮ್ಮೆ ನೇಟಿವ್ ಕಡೆಗೆ ಹೋಗಿಬರಬೇಕು. ಸಾವಿರಾರು ಫೈಲು ಇದ್ದಲ್ಲಿ ಪುಟ್ಟ ನೇಟಿವ್ ಮಾಡ್ಯೂಲ್ ಬರೆಯುವುದೇ ವಾಸಿ.

ಮೇಜಿನ ಮೇಲೆ ಅಳೆಯುವುದು

ಬಳಕೆದಾರರಿಗೆ ತೋರಿಸುವುದು ಬೇಡ, ನನಗೆ ತಿಳಿದರೆ ಸಾಕು ಎನ್ನುವವರು ಕೋಡ್ ಬರೆಯುವ ಮೊದಲು ಫೋನಿಗೆ ಕೇಬಲ್ ಹಾಕಿ ಎಡಿಬಿ (ಕಂಪ್ಯೂಟರಿನಿಂದ ಫೋನಿಗೆ ಆದೇಶ ಕೊಡುವ ಸಲಕರಣೆ) ತೆರೆಯಿರಿ. ಡೀಬಗ್ ಆವೃತ್ತಿಯ ಆ್ಯಪ್ ಆದರೆ ರನ್‌ಆ್ಯಸ್ ಮೂಲಕ ಅದರ ಮನೆಯೊಳಗೆ ಹೋಗಿ ಡಿಯು ಆದೇಶ ಕೊಟ್ಟರೆ ಕೋಣೆ ಕೋಣೆಯ ಗಾತ್ರ ಬಂದು ನಿಲ್ಲುತ್ತದೆ, ಅದೂ ಬ್ಲಾಕ್ ಲೆಕ್ಕದಲ್ಲಿ. ಡಂಪ್‌ಸಿಸ್ ಡಿಸ್ಕ್‌ಸ್ಟ್ಯಾಟ್ಸ್ ಎಲ್ಲ ಆ್ಯಪ್‌ಗಳ ಪಟ್ಟಿ ಕೊಡುತ್ತದೆ. ಅದು ಆಗಾಗ ಬರೆದಿಟ್ಟ ಕಡತದಿಂದ ಓದಿದ್ದು, ಆ ಕ್ಷಣದ್ದಲ್ಲ. ಈಗಷ್ಟೇ ಅಳಿಸಿದ ಕ್ಯಾಶ್ ಅದರಲ್ಲಿ ಇನ್ನೂ ಕಂಡರೆ ಗಾಬರಿಯಾಗಬೇಡಿ. ನನ್ನ 330 ಎಂಬಿ ಎಲ್ಲಿದೆ ಎಂದು ಹತ್ತು ನಿಮಿಷದಲ್ಲಿ ಹೇಳಿದ್ದು ಡಿಯು.

ಎಂಬಿ ಎಂದರೆ ಎಷ್ಟು

ಎಲ್ಲ ಸರಿಮಾಡಿದ ಮೇಲೂ ಸೆಟ್ಟಿಂಗ್ಸ್‌ಗೂ ನನಗೂ ಶೇಕಡಾ ಐದರಷ್ಟು ವ್ಯತ್ಯಾಸ ಉಳಿದಿತ್ತು. ಬೈಟ್‌ಗಳನ್ನು ನಾನು 1024ರಿಂದ ಎರಡು ಸಲ ಭಾಗಿಸುತ್ತಿದ್ದೆ. ಆಂಡ್ರಾಯ್ಡ್ 8ರಿಂದ ಫಾರ್ಮ್ಯಾಟರ್‌ನ ಫಾರ್ಮ್ಯಾಟ್‌ಫೈಲ್‌ಸೈಜ್ 1000ದ ಲೆಕ್ಕ ಹಿಡಿಯುತ್ತದೆ. ಅದಕ್ಕೂ ಮೊದಲು 1024 ಇತ್ತು. ಹಳೆಯ ಫೋನಿನಲ್ಲಿ ಹಳೆಯ ಲೆಕ್ಕ, ಹೊಸದರಲ್ಲಿ ಹೊಸದು ಇರಬೇಕಾದರೆ ನೀವೇ ಭಾಗಿಸುವ ಬದಲು ಆ ಫಾರ್ಮ್ಯಾಟರ್‌ಗೇ ಬೈಟ್ ಕೊಟ್ಟು ಅದು ಬರೆದದ್ದನ್ನು ತೋರಿಸಿ. ಹಸಿ ಅಡಿಕೆಯ ತೂಕವನ್ನು ಒಣ ಅಡಿಕೆಯ ಜತೆ ಹೋಲಿಸಿ ತಲೆ ಕೆಡಿಸಿಕೊಂಡ ಹಾಗಾಗಿತ್ತು ನನ್ನ ಆ ಎರಡು ದಿನ.

ಈಗ ಆ್ಯಪ್‌ನಲ್ಲಿ ಮೂರು ಸಾಲು ಇದೆ: ಆ್ಯಪ್, ನಿಮ್ಮ ದಾಖಲೆಗಳು, ತಾತ್ಕಾಲಿಕ ಫೈಲುಗಳು. ಮೂರೂ ಸ್ಟೋರೇಜ್‌ಸ್ಟ್ಯಾಟ್ಸ್‌ನಿಂದ, ನಡುವಿನದು ಡೇಟಾದಿಂದ ಕ್ಯಾಶ್ ಕಳೆದು. ಮೂರನೆಯ ಸಾಲನ್ನು ಒತ್ತಿದರೆ ಮಾತ್ರ ಫೋಲ್ಡರ್ ಸುತ್ತಿ ನಕ್ಷೆ ಎಷ್ಟು, ಚಿತ್ರ ಎಷ್ಟು ಎಂದು ಬಿಡಿಸಿ ಹೇಳುತ್ತದೆ. ಮ್ಯಾನಿಫೆಸ್ಟ್‌ನಲ್ಲಿ ಮ್ಯಾನೇಜ್‌ಸ್ಪೇಸ್‌ಆ್ಯಕ್ಟಿವಿಟಿ ಎಂದು ಬರೆದು ಇದೇ ಪರದೆಯನ್ನು ಸೂಚಿಸಿದ್ದೇನೆ. ಹಾಗಾಗಿ ಸೆಟ್ಟಿಂಗ್ಸ್‌ನಲ್ಲಿ ಡೇಟಾ ಅಳಿಸಲು ಹೊರಟವರು ನೇರವಾಗಿ ಎಲ್ಲವನ್ನೂ ಅಳಿಸುವ ಬದಲು ಇಲ್ಲಿಗೆ ಬಂದು ನಿಲ್ಲುತ್ತಾರೆ. ಮಳೆಗಾಲದ ಫೋಟೊಗಳು ಈಗ ಎರಡನೆಯ ಸಾಲಿನಲ್ಲಿವೆ.

ತೀರ್ಥಹಳ್ಳಿಯವರಿಗೆ ಹೊಸ ಆವೃತ್ತಿ ಕಳಿಸಿದೆ. ಅವರ ಊರಿನಲ್ಲಿ ಅದು ಇಳಿಯಲು ಎರಡು ದಿನ ಹಿಡಿಯಿತು. ಮೂರನೆಯ ದಿನ ಫೋನ್ ಬಂತು. "ಈಗ ಎರಡೂ ಕಡೆ 640 ಎನ್ನುತ್ತದೆ. ಅದು ಸರಿ. ಆದರೆ 640 ಯಾಕೆ ಬೇಕು ನಿಮ್ಮ ಆ್ಯಪ್‌ಗೆ?"